ವಿಮಾನ ಜೋಡಣೆಗೆ ಟ್ರೈನಿಯಾಗಿ ಸೇರುವವರಿಗೆ: ಮೊದಲು ಒಂದು ತೂತು ಸರಿಯಾಗಿ ಕೊರೆಯಿರಿ

(ವಿಮಾನ ಜೋಡಣೆಯ ಕೆಲಸಕ್ಕೆ ಟ್ರೈನಿಗಳಾಗಿ ಸೇರಬೇಕು ಅಂದುಕೊಂಡ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಕತ್ತರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಿಮ್ಮಲ್ಲಿ ಜಾಸ್ತಿ ಜನ ಎಂಜಿನ್ ಮುಟ್ಟುವ ಆಸೆ ಇಟ್ಟುಕೊಂಡು ಬಂದಿದ್ದೀರಿ. ರೆಕ್ಕೆ ಕೂರಿಸುವುದು, ಕಾಕ್‌ಪಿಟ್‌ನಲ್ಲಿ ವೈರ್ ಎಳೆಯುವುದು, ಇಂಥದ್ದೆಲ್ಲ ಮನಸ್ಸಿನಲ್ಲಿರುತ್ತದೆ. ತಪ್ಪೇನಿಲ್ಲ, ಅದೆಲ್ಲ ಬರುತ್ತದೆ. ಆದರೆ ಶುರುವಿನ ವಾರಗಳಲ್ಲಿ ನಿಮ್ಮ ಕೈಗೆ ಸಿಗುವುದು ಒಂದು ಡ್ರಿಲ್ ಮತ್ತು ಒಂದು ತುಂಡು ಅಲ್ಯೂಮಿನಿಯಂ ತಗಡು. ಅದರ ಮೇಲೆ ಸಾಲಾಗಿ ತೂತು ಕೊರೆಯುತ್ತೀರಿ. ಇನ್‌ಸ್ಟ್ರಕ್ಟರ್ ಬಂದು ಗೇಜ್ ಹಾಕಿ ನೋಡುತ್ತಾರೆ, ತಲೆ ಅಲ್ಲಾಡಿಸುತ್ತಾರೆ, ಇನ್ನೊಂದು ತಗಡು ಕೊಟ್ಟು ಹೋಗುತ್ತಾರೆ. ಮತ್ತೆ ಕೊರೆಯುತ್ತೀರಿ.

ಬೇಜಾರಾಗುತ್ತೆ. "ನಾನು ವಿಮಾನ ಕಟ್ಟೋಕೆ ಬಂದೋನು, ತಗಡಿಗೆ ತೂತು ಮಾಡೋಕಲ್ಲ" ಅಂತ ಅನ್ನಿಸುತ್ತದೆ. ಆದರೆ ವಿಮಾನ ಕಟ್ಟುವುದು ಅಂದರೆ ಬಹುಪಾಲು ಅದೇ. ಒಂದು 747ರಲ್ಲಿ ಸುಮಾರು 60 ಲಕ್ಷ ಬಿಡಿಭಾಗ ಇವೆ ಅಂತ ಬೋಯಿಂಗ್ ಹೇಳುತ್ತದೆ, ಅದರಲ್ಲಿ ಅರ್ಧ ಬರೀ ಫಾಸ್ಟನರ್‌ಗಳು. ಅಂದರೆ ರಿವೆಟ್ಟು (ಒಂದು ತುದಿಯಲ್ಲಿ ತಲೆ ಇರುವ ಲೋಹದ ಕಡ್ಡಿ, ತೂತಿನಿಂದ ಆಚೆ ಬರುವ ಬಾಲವನ್ನು ಬಡಿದು ಕೂರಿಸುತ್ತಾರೆ), ಬೋಲ್ಟು, ಸ್ಕ್ರೂ. ಅವಕ್ಕೆಲ್ಲ ಕೂರಲು ತೂತು ಬೇಕಲ್ವಾ? ಯಾರೋ ಕೊರೆದಿರಬೇಕು. ಕೊರೆದವರು ಸರಿಯಾಗಿ ಕೊರೆದಿರಬೇಕು.

ಸರಿಯಾಗಿ ಅಂದರೆ ಏನು ಅನ್ನುವುದಕ್ಕೆ ಸ್ವಲ್ಪ ಲೋಹದ ವಿಷಯ ಹೇಳಬೇಕು. ತಗಡನ್ನು ಎರಡೂ ಕಡೆಯಿಂದ ಎಳೆದರೆ ಎಳೆತ ಎಲ್ಲಾ ಕಡೆ ಸಮನಾಗಿ ಹಂಚಿಕೊಳ್ಳುತ್ತದೆ. ನಡುವೆ ಒಂದು ದುಂಡನೆಯ ತೂತು ಮಾಡಿದ ತಕ್ಷಣ, ಆ ತೂತಿನ ಅಂಚಿನಲ್ಲಿ ಎಳೆತ ಬೇರೆ ಕಡೆಗಿಂತ ಸುಮಾರು ಮೂರು ಪಟ್ಟು ಆಗುತ್ತದೆ. ಇದು ತೂತು ಚೆನ್ನಾಗಿ ದುಂಡಗೆ, ನುಣ್ಣಗೆ ಇದ್ದಾಗಿನ ಮಾತು. ಅಂಚಿನಲ್ಲಿ ಒಂದು ಗೀರು, ಒಂದು ಮುಳ್ಳು ಉಳಿದಿದ್ದರೆ ಅದಕ್ಕಿಂತ ಜಾಸ್ತಿ. ಪ್ರಯಾಣಿಕರ ವಿಮಾನ ಪ್ರತಿಸಲ ಮೇಲೇರಿದಾಗ ಒಳಗೆ ಗಾಳಿಯ ಒತ್ತಡ ತುಂಬುತ್ತಾರೆ, ಒಡಲು ಒಂಚೂರು ಉಬ್ಬುತ್ತದೆ, ಇಳಿದಾಗ ಮತ್ತೆ ಸಡಿಲವಾಗುತ್ತದೆ. ಹೀಗೆ ಸಾವಿರಾರು ಸಲ. ಬಿರುಕು ಹುಟ್ಟುವುದು ಆ ತೂತಿನ ಅಂಚಿನಲ್ಲೇ.

1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಏರ್‌ಲೈನ್ಸ್‌ನ ಒಂದು 737ರ ಚಾವಣಿ ಹಾರುತ್ತಿರುವಾಗಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ಸತ್ತರು, ಉಳಿದವರನ್ನು ಪೈಲಟ್‌ಗಳು ಹೇಗೋ ಇಳಿಸಿದರು. ಆ ವಿಮಾನ ಅಷ್ಟರಲ್ಲಿ 89,680 ಸಲ ಹಾರಿ ಇಳಿದಿತ್ತು. ಎರಡು ತಗಡು ಒಂದರ ಮೇಲೊಂದು ಕೂರುವ ಜಾಗದಲ್ಲಿ ಮೊದಲು ಅಂಟು ಬಿಟ್ಟಿತ್ತು, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದಿತ್ತು. ಆ ರಿವೆಟ್‌ಗಳ ತಲೆ ಕೂರಲು ಮಾಡಿದ ಇಳಿಜಾರು, ಅದನ್ನೇ ನಾವು ಕೌಂಟರ್‌ಸಿಂಕ್ ಅನ್ನುವುದು, ತಗಡಿನ ದಪ್ಪದಷ್ಟೂ ಆಳಕ್ಕೆ ಹೋಗಿತ್ತು. ಹಾಗಾಗಿ ತೂತಿನ ಕೆಳ ಅಂಚು ಕತ್ತಿಯ ಅಲಗಿನಷ್ಟು ಚೂಪಾಗಿ ಉಳಿದಿತ್ತು. ಒಂದೊಂದು ತೂತಿನಿಂದ ಸಣ್ಣ ಬಿರುಕು ಹೊರಟು ಪಕ್ಕದ ತೂತಿನ ಬಿರುಕಿಗೆ ಸೇರಿತು. ಆ ಕೌಂಟರ್‌ಸಿಂಕ್ ಕೊರೆದವರು ತಪ್ಪು ಮಾಡಿದರು ಅಂತಲ್ಲ, ವಿನ್ಯಾಸವೇ ಹಾಗಿತ್ತು. ನಾನು ಹೇಳುತ್ತಿರುವುದು, ಅಂಚು ಅನ್ನುವುದು ಅಷ್ಟು ದೊಡ್ಡ ವಿಷಯ ಅಂತ. ಇವತ್ತು ತಗಡು ತೀರಾ ತೆಳ್ಳಗಿದ್ದರೆ ಕೌಂಟರ್‌ಸಿಂಕ್ ಕೊರೆಯುವುದಿಲ್ಲ, ತಗಡನ್ನೇ ಒತ್ತಿ ಗುಳಿ ಮಾಡುತ್ತಾರೆ.

ಈಗ ಒಂದು ತೂತನ್ನು ಹತ್ತಿರದಿಂದ ನೋಡೋಣ.

ನಿಮಗೆ ಕೊಟ್ಟಿರುವುದು ಅಂಗುಲದ ಎಂಟನೇ ಒಂದು ಭಾಗ ದಪ್ಪದ ರಿವೆಟ್ ಅಂತ ಇಟ್ಟುಕೊಳ್ಳಿ, ಅಂದರೆ ಸುಮಾರು 3.2 ಮಿಲಿಮೀಟರ್. ಅದಕ್ಕೆ ಬಳಸುವುದು 30ನೇ ನಂಬರ್ ಡ್ರಿಲ್ ಬಿಟ್, 0.1285 ಅಂಗುಲದ್ದು. ರಿವೆಟ್ 0.125. ವ್ಯತ್ಯಾಸ ಬರೀ ಅಂಗುಲದ ಸಾವಿರದ ಮೂರೂವರೆ ಭಾಗ, ಒಂದು ಕೂದಲೆಳೆಯ ಆಸುಪಾಸು. ಇಷ್ಟರಲ್ಲಿ ನಿಮ್ಮ ಕೈ ಅಲ್ಲಾಡಬಾರದು. ನೇರವಾಗಿ 30ನೇ ನಂಬರ್ ಬಿಟ್ ಹಾಕುವುದಿಲ್ಲ. ಮೊದಲು ಅದಕ್ಕಿಂತ ಸಣ್ಣದು, 40ನೇ ನಂಬರ್, ಅದರಲ್ಲಿ ದಾರಿ ಮಾಡಿಕೊಂಡು ಆಮೇಲೆ ದೊಡ್ಡದು.

ಡ್ರಿಲ್ ತಗಡಿಗೆ ನೇರವಾಗಿ ನಿಂತಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಗೈಡ್‌ಗಳಿವೆ, ಕಲಿಯುವಾಗ ಅವನ್ನೇ ಬಳಸಿ. ಆದರೆ ಹೊಳೆಯುವ ತಗಡಾಗಿದ್ದರೆ ಒಂದು ಉಪಾಯ ಇದೆ. ಬಿಟ್‌ನ ನೆರಳಲ್ಲ, ಅದರ ಪ್ರತಿಬಿಂಬ ನೋಡಿ. ಬಿಟ್ಟೂ ಪ್ರತಿಬಿಂಬವೂ ಒಂದೇ ಗೆರೆಯಲ್ಲಿ ಕಂಡರೆ ಆ ದಿಕ್ಕಿನಲ್ಲಿ ನೇರ ಇದೆ. ಪಕ್ಕಕ್ಕೆ ಬಂದು ಇನ್ನೊಂದು ಸಲ ನೋಡಿ. ಎರಡೂ ಕಡೆಯಿಂದ ಗೆರೆ ಮುರಿಯದಿದ್ದರೆ ಶುರು ಮಾಡಿ. ಬಿಟ್ ತಗಡಿನ ಆ ಬದಿಗೆ ಹೊರಬರುವ ಕ್ಷಣ ಇದೆಯಲ್ಲ, ಹೊಸಬರ ತೂತು ಕೆಡುವುದು ಅಲ್ಲೇ. ಒತ್ತುತ್ತಾ ಬಂದಿರುತ್ತಾರೆ, ತಡೆ ಇದ್ದಕ್ಕಿದ್ದಂತೆ ಹೋಗುತ್ತದೆ, ಕೈ ಮುಂದಕ್ಕೆ ಜಗ್ಗುತ್ತದೆ, ತೂತು ಮೊಟ್ಟೆಯಾಕಾರ ಆಗುತ್ತದೆ. ಬಿಟ್ ಹೊರಬರುವ ಮೊದಲೇ ಒತ್ತಡ ಕಡಿಮೆ ಮಾಡಬೇಕು. ಸದ್ದು ಬದಲಾಗುತ್ತದೆ, ಕಿವಿಗೆ ಮೊದಲು ಗೊತ್ತಾಗುತ್ತದೆ.

ಆಮೇಲೆ ಅಂಚಿನ ಬರ್, ಅಂದರೆ ಕೊರೆದಾಗ ಉಳಿಯುವ ಲೋಹದ ಮುಳ್ಳು, ತೆಗೆಯುವುದು. ಕೈಯಲ್ಲಿ ಹಿಡಿದ ಡಿಬರಿಂಗ್ ಟೂಲನ್ನು ತೂತಿನ ಮೇಲಿಟ್ಟು ಹಗುರವಾಗಿ ಒಂದೆರಡು ಸುತ್ತು ತಿರುಗಿಸಿದರೆ ಸಾಕು. ನೀಟಾಗಿ ಕಾಣಲಿ ಅಂತ ಐದಾರು ಸುತ್ತು ತಿರುಗಿಸುವವರು ತುಂಬಾ ಜನ. ಅದು ಬರ್ ತೆಗೆದ ಹಾಗಲ್ಲ, ಯಾರೂ ಕೇಳದ ಕೌಂಟರ್‌ಸಿಂಕ್ ಮಾಡಿದ ಹಾಗೆ.

ಇನ್ನು ರಿವೆಟ್. ಇಲ್ಲಿ ಇಬ್ಬರು ಬೇಕು. ಒಬ್ಬರು ತಲೆಯ ಕಡೆಯಿಂದ ಗನ್ ಹಿಡಿದು ಬಡಿಯುತ್ತಾರೆ, ಇನ್ನೊಬ್ಬರು ಹಿಂದೆ ಬಾಲಕ್ಕೆ ಬಕಿಂಗ್ ಬಾರ್ ಅಂತ ಒಂದು ಭಾರದ ಉಕ್ಕಿನ ತುಂಡು ಒತ್ತಿ ಹಿಡಿದಿರುತ್ತಾರೆ. ಬಡಿದಾಗ ಬಾಲ ಚಪ್ಪಟೆಯಾಗುತ್ತದೆ. ಗನ್ ಹಿಡಿದವರದ್ದೇ ದೊಡ್ಡ ಕೆಲಸ ಅಂತ ನೋಡುವವರಿಗೆ ಅನ್ನಿಸುತ್ತದೆ. ನನ್ನ ಅಭಿಪ್ರಾಯದಲ್ಲಿ ಉಲ್ಟಾ. ಬಾರ್ ಹಿಡಿದವರೇ ಬಾಲ ಆಗುವುದನ್ನು ನೋಡುವವರು, ಬಾರ್ ಓರೆಯಾದರೆ ಬಾಲವೂ ಓರೆ. ಅವರು ಎಷ್ಟೋ ಸಲ ಕಾಣದ ಮೂಲೆಯಲ್ಲಿ ಕೈ ತೂರಿಸಿ ನಿಂತಿರುತ್ತಾರೆ. ಸದ್ದಿನಲ್ಲಿ ಮಾತು ಕೇಳದ ಕಡೆ ಇಬ್ಬರೂ ತಟ್ಟಿ ಮಾತಾಡುತ್ತಾರೆ. ಒಂದು ತಟ್ಟಿದರೆ ಇನ್ನೊಂದಿಷ್ಟು ಬಡಿ, ಎರಡು ತಟ್ಟಿದರೆ ಸರಿ ಇದೆ, ಮೂರು ತಟ್ಟಿದರೆ ಕೆಟ್ಟಿದೆ, ತೆಗಿ. ಈ ಸಂಕೇತ ಶಾಪಿನಿಂದ ಶಾಪಿಗೆ ಬದಲಾಗಬಹುದು, ಅದಕ್ಕೇ ಹೊಸ ಜೊತೆಗಾರ ಸಿಕ್ಕಾಗ ಬಡಿಯುವ ಮುಂಚೆಯೇ ಕೇಳಿಕೊಳ್ಳಿ.

ಅಳತೆ ಸುಲಭ. ಬಡಿಯುವ ಮುಂಚೆ ಬಾಲ ರಿವೆಟ್ ದಪ್ಪದ ಒಂದೂವರೆ ಪಟ್ಟು ಹೊರಗಿರಬೇಕು. ಬಡಿದ ಮೇಲೆ ಅಗಲ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು. ತಗಡಿನ ಅಂಚಿನಿಂದ ತೂತಿನ ನಡುವಿಗೆ ಕನಿಷ್ಠ ಎರಡು ಪಟ್ಟು ದೂರ, ಡ್ರಾಯಿಂಗ್ ಬೇರೆ ಹೇಳದಿದ್ದರೆ. ಇವು ನಾಲ್ಕು ಬಾಯಿಪಾಠ ಬರಬೇಕು. ರಿವೆಟ್‌ಗಳಲ್ಲೂ ಜಾತಿಗಳಿವೆ. ತಲೆಯ ನಡುವೆ ಒಂದು ಚಿಕ್ಕ ಗುಳಿ ಇದ್ದರೆ 2117 ಮಿಶ್ರಲೋಹ, ಬಂದ ಹಾಗೇ ಬಡಿಯಬಹುದು. ಉಬ್ಬಿದ ಎರಡು ಗೆರೆ ಇದ್ದರೆ 2024, ಅದು ಗಟ್ಟಿ ಜಾತಿ. ಅದನ್ನು ಕಾಯಿಸಿ, ತಣ್ಣಗೆ ಮಾಡಿ, ಫ್ರೀಜರ್‌ನಲ್ಲಿ ಇಟ್ಟಿರುತ್ತಾರೆ. ಹೊರಗೆ ತೆಗೆದ ಮೇಲೆ ಅದು ತಾನಾಗೇ ಗಟ್ಟಿಯಾಗುತ್ತಾ ಹೋಗುತ್ತದೆ, ಇಪ್ಪತ್ತು ನಿಮಿಷದೊಳಗೆ ಬಡಿದು ಮುಗಿಸಬೇಕು. ಹೌದು, ವಿಮಾನದ ಕಾರ್ಖಾನೆಯಲ್ಲಿ ರಿವೆಟ್‌ಗೆ ಫ್ರೀಜರ್ ಇರುತ್ತದೆ. ಕೇಳಿದವರೆಲ್ಲ ಮೊದಲು ನಗುತ್ತಾರೆ.

ಹೊಸಬರಿಗೆ ತಲೆ ಕೆಡಿಸುವ ಇನ್ನೊಂದು ವಿಷಯ, ನಾವು ಒಂದೇ ಭಾಗವನ್ನು ಎರಡು ಸಲ ಜೋಡಿಸುತ್ತೇವೆ. ಮೊದಲು ತಗಡು, ಚೌಕಟ್ಟು ಎಲ್ಲ ಜಿಗ್‌ನಲ್ಲಿ, ಅಂದರೆ ಭಾಗಗಳನ್ನು ಸರಿಯಾದ ಜಾಗದಲ್ಲಿ ಹಿಡಿದಿಡುವ ಚೌಕಟ್ಟಿನಲ್ಲಿ, ಕೂರಿಸಿ, ಕೊರೆದು, ತೂತಿನಲ್ಲಿ ಕ್ಲೆಕೋ ಅನ್ನುವ ತಾತ್ಕಾಲಿಕ ಪಿನ್ ಹಾಕಿ ಹಿಡಿಸುತ್ತೇವೆ. ದರ್ಜಿ ಮೊದಲು ಕಚ್ಚಾ ಹೊಲಿಗೆ ಹಾಕಿಕೊಳ್ಳುತ್ತಾನಲ್ಲ, ಹಾಗೆ. ಕ್ಲೆಕೋಗೆ ಬಣ್ಣ ಇರುತ್ತದೆ: ಬೆಳ್ಳಿ ಬಣ್ಣದ್ದು ಅಂಗುಲದ 3/32ಕ್ಕೆ, ತಾಮ್ರದ್ದು 1/8ಕ್ಕೆ, ಕಪ್ಪು 5/32ಕ್ಕೆ. ಎಲ್ಲ ಕೊರೆದಾದ ಮೇಲೆ ಪೂರ್ತಿ ಬಿಚ್ಚುತ್ತೇವೆ. ಯಾಕೆ? ಎರಡು ತಗಡಿನ ನಡುವೆ ಚೂರು ಸೇರಿಕೊಂಡಿರುತ್ತದೆ, ಒಳ ಅಂಚಿನಲ್ಲಿ ಬರ್ ಇರುತ್ತದೆ. ಅದನ್ನೆಲ್ಲ ತೆಗೆದು, ಒರೆಸಿ, ಸೀಲೆಂಟ್ (ಸಂದು ಮುಚ್ಚುವ ಮೇಣದಂಥದ್ದು) ಹಚ್ಚಿ, ಮತ್ತೆ ಜೋಡಿಸಿ, ಆಗ ರಿವೆಟ್. ಮೊದಲ ಸಲ ಬಿಚ್ಚುವಾಗ ಕೈ ಬರುವುದೇ ಇಲ್ಲ, ಅಷ್ಟು ಚೆನ್ನಾಗಿ ಕೂತಿರುತ್ತದೆ. ಬಿಚ್ಚಿ.

ಸೀಲೆಂಟ್‌ನಲ್ಲಿ ಗಡಿಯಾರ ಮುಖ್ಯ. ಎರಡು ಭಾಗ ಕಲಸಿದ ಕ್ಷಣದಿಂದ ಅದು ಗಟ್ಟಿಯಾಗಲು ಶುರು. ಡಬ್ಬಿಯ ಮೇಲೆ ಬಿ-2 ಅಂತ ಇದ್ದರೆ, ಬಿ ಅಂದರೆ ಗನ್ನಿನಿಂದ ಎಳೆಯುವಷ್ಟು ಮಂದ, 2 ಅಂದರೆ ಎರಡು ಗಂಟೆ ಕೆಲಸ ಮಾಡಬಹುದು. ಎ ಅಂದರೆ ಬ್ರಷ್‌ನಲ್ಲಿ ಹಚ್ಚುವಷ್ಟು ತೆಳು. ಸಮಯ ಮೀರಿದ ಮೇಲೆ ಉಳಿದದ್ದನ್ನು ಸುಮ್ನೆ ಬಳಸಿಬಿಡೋಣ ಅನ್ನಿಸುತ್ತದೆ. ಹೊರಗಿನಿಂದ ಏನೂ ವ್ಯತ್ಯಾಸ ಕಾಣುವುದಿಲ್ಲ. ಇಂಧನ ತುಂಬಿದ ರೆಕ್ಕೆ ಸೋರಲು ಶುರುವಾದಾಗ ಕಾಣುತ್ತದೆ.

ಈ ಕೆಲಸದ ತಿರುಳು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ನೀವು ಮಾಡಿದ್ದರಲ್ಲಿ ಬಹಳಷ್ಟು ಮುಚ್ಚಿಹೋಗುತ್ತದೆ. ಮೇಲೆ ಇನ್ನೊಂದು ತಗಡು ಬರುತ್ತದೆ, ಪ್ರೈಮರ್ ಬರುತ್ತದೆ, ಒಳಗಿನ ಪ್ಯಾನೆಲ್ ಬರುತ್ತದೆ. ಇನ್‌ಸ್ಪೆಕ್ಟರ್ ಎಲ್ಲ ತೂತನ್ನೂ ನೋಡಲಾರರು. ಹಾಗಾಗಿ ಟ್ರೈನಿಯಲ್ಲಿ ಹುಡುಕುವುದು ಕೈಚಳಕಕ್ಕಿಂತ ಮೊದಲು ಬಾಯಿ. ತೂತು ದೊಡ್ಡದಾಯಿತಾ? ನಿಲ್ಲಿಸಿ, ಹೇಳಿ. ಅದಕ್ಕೊಂದು ದಾರಿ ಇದ್ದೇ ಇದೆ: ನಾನ್-ಕನ್ಫಾರ್ಮೆನ್ಸ್, ಅಂದರೆ ಇರಬೇಕಾದ ಹಾಗೆ ಇಲ್ಲ, ಅಂತ ಬರೆಯುತ್ತಾರೆ, ಎಂಜಿನಿಯರ್ ನೋಡುತ್ತಾರೆ, ಒಂದು ಸೈಜು ದೊಡ್ಡ ಫಾಸ್ಟನರ್ ಹಾಕಬಹುದು ಅನ್ನುತ್ತಾರೆ, ಅಥವಾ ಭಾಗವನ್ನೇ ಬಿಸಾಡುತ್ತಾರೆ. ಅದು ಅವರ ತೀರ್ಮಾನ. ನಿಮ್ಮದಲ್ಲ, ನಿಮ್ಮ ಸೀನಿಯರ್‌ದೂ ಅಲ್ಲ. "ಇದೆಲ್ಲ ನಡೆಯುತ್ತೆ ಬಿಡು" ಅನ್ನುವ ಸೀನಿಯರ್ ಸಿಕ್ಕೇ ಸಿಗುತ್ತಾರೆ. ಅವರ ಹತ್ತಿರ ಬೇರೆ ಏನು ಬೇಕಾದರೂ ಕಲಿಯಿರಿ.

2024ರ ಜನವರಿ 5ರ ಘಟನೆ ನೀವೆಲ್ಲ ಕೇಳಿರುತ್ತೀರಿ. ಅಲಾಸ್ಕಾ ಏರ್‌ಲೈನ್ಸ್‌ನ ಹೊಚ್ಚಹೊಸ 737 ಮ್ಯಾಕ್ಸ್ 9 ಪೋರ್ಟ್‌ಲೆಂಡ್‌ನಿಂದ ಹೊರಟು ಮೇಲೇರುತ್ತಿದ್ದಾಗ, ಬಾಗಿಲ ಜಾಗ ಮುಚ್ಚಿದ್ದ ಪ್ಲಗ್ ಹಾರಿಹೋಯಿತು. ಯಾರೂ ಸಾಯಲಿಲ್ಲ. ತನಿಖೆ ಮಾಡಿದ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ ಎನ್‌ಟಿಎಸ್‌ಬಿ ಕಂಡುಕೊಂಡದ್ದು, ಪ್ಲಗ್ ಮೇಲಕ್ಕೆ ಜಾರದಂತೆ ತಡೆಯುವ ನಾಲ್ಕು ಬೋಲ್ಟ್ ಅಲ್ಲಿ ಇರಲೇ ಇಲ್ಲ. ಅದನ್ನು ಯಾಕೆ ತೆಗೆದಿದ್ದರು ಗೊತ್ತಾ? ಪಕ್ಕದಲ್ಲಿ ಕೆಟ್ಟಿದ್ದ ರಿವೆಟ್‌ಗಳನ್ನು ಸರಿಮಾಡಲು. ರಿವೆಟ್ ಸರಿಯಾಯಿತು. ಆದರೆ ಪ್ಲಗ್ ತೆಗೆದದ್ದು ಕಾಗದದಲ್ಲಿ ದಾಖಲಾಗಲಿಲ್ಲ. ದಾಖಲಾಗದ ಕೆಲಸವನ್ನು ಪರೀಕ್ಷೆ ಮಾಡಬೇಕು ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಿಮಗೆ ವರ್ಕ್ ಆರ್ಡರ್, ಸ್ಟಾಂಪು, ಸಹಿ ಅಂತ ಕೊಟ್ಟಾಗ ಇದು ಆಫೀಸಿನವರ ಕಾಟ ಅನ್ನಿಸಿದರೆ, ಆ ನಾಲ್ಕು ಬೋಲ್ಟ್ ನೆನಪಿಗೆ ಬರಲಿ. ಬಿಚ್ಚಿದ್ದನ್ನು ಬರೆಯಿರಿ. ಬೇರೆಯವರು ಮಾಡಿದ ಕೆಲಸಕ್ಕೆ ನಿಮ್ಮ ಸ್ಟಾಂಪು ಹಾಕಬೇಡಿ, ನಿಮ್ಮ ಸ್ಟಾಂಪನ್ನು ಯಾರಿಗೂ ಕೊಡಬೇಡಿ.

ಪಾರ್ಟ್ ನಂಬರ್ ಕಥೆಯೂ ಹೀಗೇ. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸ್‌ನ ವಿಮಾನವೊಂದರ ಕಾಕ್‌ಪಿಟ್ ಗಾಜು ಆಕಾಶದಲ್ಲಿ ಕಿತ್ತುಹೋಗಿ ಕ್ಯಾಪ್ಟನ್ ಅರ್ಧ ದೇಹ ಹೊರಗೆ ಎಳೆಯಲ್ಪಟ್ಟರು. ಸಿಬ್ಬಂದಿ ಅವರ ಕಾಲು ಹಿಡಿದುಕೊಂಡರು, ಕ್ಯಾಪ್ಟನ್ ಬದುಕಿದರು. ಗಾಜು ಹಿಂದಿನ ದಿನ ಬದಲಾಯಿಸಿದ್ದು. 90 ಬೋಲ್ಟ್‌ನಲ್ಲಿ 84ರ ದಪ್ಪ ಬೇಕಾದ್ದಕ್ಕಿಂತ ಕಡಿಮೆ, ವ್ಯತ್ಯಾಸ ಒಂದು ಮಿಲಿಮೀಟರ್ ಕೂಡ ಇಲ್ಲ. ಹಳೇ ಬೋಲ್ಟ್ ಕೈಯಲ್ಲಿ ಹಿಡಿದು, ಕಣ್ಣಳತೆಯಲ್ಲಿ ಅದೇ ಥರದ್ದು ಆರಿಸಿಕೊಂಡಿದ್ದರು. ಎಂಎಸ್20470ಎಡಿ4-5 ಅಂತ ಬರೆದಿದ್ದರೆ ಅದರಲ್ಲಿ ಒಂದಕ್ಷರವೂ ಸುಮ್ನೆ ಇಲ್ಲ. 20470 ತಲೆಯ ಆಕಾರ, ಎಡಿ ಲೋಹ, 4 ಅಂದರೆ ಅಂಗುಲದ 4/32 ದಪ್ಪ, 5 ಅಂದರೆ 5/16 ಉದ್ದ. ಕಣ್ಣಿಗೆ 5 ಮತ್ತು 6 ಒಂದೇ ಥರ ಕಾಣುತ್ತವೆ. ಓದಿ.

ಟೂಲ್ ಲೆಕ್ಕದ ಬಗ್ಗೆ ಬೇಗ ಹೇಳುತ್ತೇನೆ, ಮೊದಲ ದಿನವೇ ನಿಮಗೆ ಸಾಕು ಅನ್ನುವಷ್ಟು ಹೇಳುತ್ತಾರೆ. ಪ್ರತಿ ಟೂಲಿಗೂ ಬೋರ್ಡ್ ಮೇಲೆ ಅದರದೇ ಆಕಾರದ ಜಾಗ ಇರುತ್ತದೆ. ಪಾಳಿ ಮುಗಿಯುವಾಗ ಒಂದು ಜಾಗ ಖಾಲಿ ಕಂಡರೆ, ಅದು ಸಿಗುವ ತನಕ ಕೆಲಸ ನಿಲ್ಲುತ್ತದೆ. ಎಫ್‌ಒಡಿ ಅಂತಾರೆ, ಇರಬಾರದ ಜಾಗದಲ್ಲಿ ಇರುವ ವಸ್ತು. ಜೇಬಿನಲ್ಲಿ ಸಡಿಲವಾದದ್ದು ಏನೂ ಬೇಡ. ಉಂಗುರ, ಸರ, ವಾಚು ಮನೆಯಲ್ಲಿ. ಟೂಲ್ ಕಳೆದದ್ದನ್ನು ಹೇಳಿದವರನ್ನು ಬೈಯುವ ಶಾಪ್ ಕೆಟ್ಟ ಶಾಪ್, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮೈಯ ಬಗ್ಗೆ. ರಿವೆಟ್ ಗನ್ನಿನ ಸದ್ದಿಗೆ ಕಿವಿ ನಿಧಾನಕ್ಕೆ ಹೋಗುತ್ತದೆ, ಹೋದದ್ದು ಗೊತ್ತಾಗುವುದಿಲ್ಲ, ವಾಪಸ್ಸೂ ಬರುವುದಿಲ್ಲ. ಅದುರುವ ಟೂಲ್ ವರ್ಷಗಟ್ಟಲೆ ಹಿಡಿದರೆ ಬೆರಳಿನ ರಕ್ತನಾಳ, ನರ ಕೆಡುತ್ತವೆ, ಬೆರಳು ಬಿಳಿಚಿಕೊಂಡು ಜೋಮು ಹಿಡಿಯುತ್ತದೆ. ಜೋಮು ಶುರುವಾದ ತಕ್ಷಣ ಹೇಳಬೇಕು. ಕೆಲವು ಪ್ರೈಮರ್‌ಗಳಲ್ಲಿ ಕ್ರೋಮೇಟ್ ಇರುತ್ತದೆ, ಅದು ಕ್ಯಾನ್ಸರ್ ತರುವಂಥದ್ದು. ಹಚ್ಚಿದ ಭಾಗವನ್ನು ಉಜ್ಜುವಾಗ, ಕೊರೆಯುವಾಗ ಮಾಸ್ಕ್ ಬೇಕೇ ಬೇಕು. ರೆಕ್ಕೆಯ ಟ್ಯಾಂಕ್ ಒಳಗೆ ನುಗ್ಗುವ ಕೆಲಸ ಬಂದರೆ, ಒಳಗಿನ ಗಾಳಿ ಅಳೆಯದೆ, ಹೊರಗೆ ಕಾಯಲು ಒಬ್ಬರು ಇಲ್ಲದೆ ತಲೆ ಕೂಡ ಹಾಕಬೇಡಿ.

ಇಷ್ಟು ಸಾಕು. ಪ್ರಶ್ನೆಗೆ ಬರೋಣ.

ಒಬ್ಬರು ಕೇಳಿದರು: ಈಗೆಲ್ಲ ವಿಮಾನ ಕಾರ್ಬನ್ ಫೈಬರ್‌ನಲ್ಲಿ ಮಾಡುತ್ತಾರಲ್ಲ, ರಿವೆಟ್ ಕಲಿತು ಏನು ಪ್ರಯೋಜನ?

ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೊಸಿಟ್, ಅಂದರೆ ಕಾರ್ಬನ್ ಫೈಬರ್ ಥರದ್ದು, ನಿಜ. ಉಳಿದರ್ಧದಲ್ಲಿ ಬಹುಪಾಲು ಲೋಹವೇ. ಕಾರ್ಬನ್ ಭಾಗವನ್ನೂ ಕೊರೆದು ಫಾಸ್ಟನರ್ ಹಾಕಿಯೇ ಜೋಡಿಸಬೇಕು. ಕೊರೆಯುವ ರೀತಿ ಮಾತ್ರ ಬೇರೆ. ಬಿಟ್ ಹೊರಬರುವ ಕಡೆ ಪದರ ಸಿಪ್ಪೆಯ ಥರ ಏಳುತ್ತದೆ, ಅದಕ್ಕೆ ಹಿಂದೆ ಆಸರೆ ಕೊಡಬೇಕು. ಧೂಳನ್ನು ಆಗಲೇ ಹೀರಿಕೊಳ್ಳಬೇಕು. ಅಲ್ಯೂಮಿನಿಯಂ ಕಾರ್ಬನ್‌ಗೆ ತಾಗಿ ತೇವ ಸೇರಿದರೆ ಅಲ್ಯೂಮಿನಿಯಂ ತುಕ್ಕು ಹಿಡಿಯುತ್ತದೆ, ಹಾಗಾಗಿ ಅಲ್ಲಿ ಟೈಟಾನಿಯಂ ಫಾಸ್ಟನರ್. ಬಿಟ್ ಹೊರಬರುವಾಗ ಕೈ ತಡೆಯಲು ಕಲಿತವರಿಗೆ ಇದು ಕಷ್ಟವಲ್ಲ.

ಇನ್ನೊಬ್ಬರು: ರೋಬೋ ಬಂದ ಮೇಲೆ ಈ ಕೆಲಸ ಇರುತ್ತಾ?

777ರ ಒಡಲಿಗೆ ಬೇಕಾದ ಸುಮಾರು 60,000 ಫಾಸ್ಟನರ್ ಹಾಕಲು ಬೋಯಿಂಗ್ ಎದುರುಬದುರು ರೋಬೋಗಳನ್ನು ನಿಲ್ಲಿಸಿ ವರ್ಷಗಟ್ಟಲೆ ಪ್ರಯತ್ನ ಮಾಡಿತು. ಒಂದು ಹೊರಗೆ, ಒಂದು ಒಳಗೆ, ಥೇಟ್ ಗನ್ ಹಿಡಿದವರು ಬಾರ್ ಹಿಡಿದವರ ಹಾಗೆ. ಎರಡಕ್ಕೂ ಹೊಂದಾಣಿಕೆ ಸರಿಹೋಗಲಿಲ್ಲ, 2019ರಲ್ಲಿ ಅದನ್ನು ಕೈಬಿಟ್ಟು ಹಳಿಯ ಮೇಲೆ ಓಡುವ ಡ್ರಿಲ್ ಯಂತ್ರ ಮತ್ತು ಜನರಿಗೇ ವಾಪಸ್ ಬಂದರು. ಹಾಗಂತ ಯಂತ್ರ ಬರುವುದಿಲ್ಲ ಅಂತಲ್ಲ. ಉದ್ದದ, ನೇರದ ಪ್ಯಾನೆಲ್‌ಗಳ ಕೊರೆತ ಎಷ್ಟೋ ಕಡೆ ಆಗಲೇ ಯಂತ್ರದ್ದು. ಅದನ್ನು ನಡೆಸುವವರಿಗೂ ಒಳ್ಳೆಯ ತೂತು ಯಾವುದು ಅಂತ ಗೊತ್ತಿರಬೇಕು. ಕೈ ಮಾತ್ರ ಹೋಗುವ ಮೂಲೆಗಳು ಇನ್ನೂ ಬಹಳ ಇವೆ.

ಒಬ್ಬ ಹುಡುಗಿ ಕೇಳಿದಳು: ನಾನು ಕುಳ್ಳಗೆ ಇದ್ದೀನಿ, ಎಡಗೈಯವಳು ಬೇರೆ. ತಗೋತಾರಾ?

ಟೀಮಿನಲ್ಲಿ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಬಲಗೈಯವರು ತಿರುಗಲಾಗದ ಮೂಲೆ ಪ್ರತಿ ರೆಕ್ಕೆಯಲ್ಲೂ ಇರುತ್ತದೆ. ಒಂದೇ ಎಚ್ಚರಿಕೆ, ಇಕ್ಕಟ್ಟಿನ ಕೆಲಸವೆಲ್ಲ ನಿಮಗೇ ಕಟ್ಟಿಬಿಡುತ್ತಾರೆ. ಸರದಿ ಪ್ರಕಾರ ಬೇರೆಯವರಿಗೂ ಕೊಡಿ ಅಂತ ಧೈರ್ಯವಾಗಿ ಕೇಳಿ. ಸೊಂಟ ನಿಮ್ಮದು.

ಕೊನೆಯದು: ಸೇರುವ ಮೊದಲು ಮನೆಯಲ್ಲಿ ಏನು ಕಲಿತುಕೊಳ್ಳಬಹುದು?

ಅಂಗುಲದ ಭಿನ್ನರಾಶಿಯನ್ನು ದಶಮಾಂಶಕ್ಕೆ ತಿರುಗಿಸುವುದು, ದಶಮಾಂಶವನ್ನು ಮಿಲಿಮೀಟರ್‌ಗೆ. ವರ್ನಿಯರ್, ಮೈಕ್ರೋಮೀಟರ್ ತಡವರಿಸದೆ ಓದುವುದು. ಡ್ರಾಯಿಂಗ್ ನೋಡಿ ಮೇಲಿನ ನೋಟ ಎಲ್ಲಿದೆ, ಪಕ್ಕದ ನೋಟ ಎಲ್ಲಿದೆ ಅಂತ ಹೇಳುವುದು. ಕೆಲವು ದೇಶದ ಡ್ರಾಯಿಂಗ್‌ನಲ್ಲಿ ಈ ಜಾಗ ಅದಲುಬದಲು ಇರುತ್ತದೆ, ಮೂಲೆಯಲ್ಲಿ ಚಿಕ್ಕ ಕೋನ್ ಗುರುತು ಹಾಕಿರುತ್ತಾರೆ, ಅದನ್ನು ಮೊದಲು ನೋಡುವ ಅಭ್ಯಾಸ ಮಾಡಿಕೊಳ್ಳಿ. ಡ್ರಿಲ್ ಸಿಕ್ಕರೆ ಕಣ್ಣಿಗೆ ಸೇಫ್ಟಿ ಕನ್ನಡಕ ಹಾಕಿಕೊಂಡು ರದ್ದಿ ತಗಡಿನ ಮೇಲೆ ಕೊರೆಯಿರಿ, ಪ್ರತಿ ತೂತನ್ನೂ ಎರಡು ದಿಕ್ಕಿನಲ್ಲಿ ಅಳೆದು ಪಕ್ಕದಲ್ಲೇ ಪೆನ್ನಿನಲ್ಲಿ ಬರೆಯಿರಿ. ಸಂದರ್ಶನದಲ್ಲಿ "ಕೈಯಾರೆ ಏನು ಮಾಡಿದ್ದೀಯ" ಅಂತ ಕೇಳಿದರೆ ಆ ತಗಡನ್ನೇ ಮೇಜಿನ ಮೇಲಿಡಿ. ಕೆಟ್ಟ ತೂತುಗಳ ಅಳತೆಯನ್ನೂ ಅಳಿಸದೆ ಇಡಿ, ಅವರು ಮೊದಲು ಕೇಳುವುದೇ ಅದರ ಬಗ್ಗೆ.